ಪುಣೆಯ ಕಪ್ಪು, ಬೆಟಗೇರಿಯ ಎಳೆ

ಮಾರ್ತಾಂಡ ಮಾಸ್ತರರ ಮನೆಯ ಗೂಡಿನಲ್ಲಿ ಒಂದು ಕಪ್ಪು ಇತ್ತು. ಚಹಾದ ಕಪ್ಪಲ್ಲ. ಎರಡು ಕಿವಿಯ, ಬೆಳ್ಳಿ ಬಣ್ಣದ, ಹೊಟ್ಟೆಯ ಮೇಲೆ ಒಬ್ಬ ಮನುಷ್ಯ ಎದ್ದೆನೋ ಬಿದ್ದೆನೋ ಎಂದು ಓಡುತ್ತಿರುವ ಚಿತ್ರವಿದ್ದ ದೊಡ್ಡ ಕಪ್ಪು. ಮಾಸ್ತರಿಕೆಯ ತರಬೇತಿಗೆಂದು ಪುಣೆಯಲ್ಲಿದ್ದಾಗ, ಹಳೆ ಸಾಮಾನಿನ ಸಂತೆಯಲ್ಲಿ, ದಾಡಿಯ ನೀರಿಗೆ ಆದೀತೆಂದು ಕೊಂಡದ್ದು. ಲಕ್ಷ್ಮೇಶ್ವರದ ನರಸಿಂಹಾಚಾರ್ಯರು ಮಗಳಿಗೆ ವರನನ್ನು ನೋಡಲು ಬಂದ ದಿನ ಅವರ ಕಣ್ಣು ಮೊದಲು ವರನ ಮೇಲೆ ಬೀಳಲಿಲ್ಲ, ಕಪ್ಪಿನ ಮೇಲೆ ಬಿತ್ತು.

“ಇದು ಓಟದಾಗ ಗೆದ್ದದ್ದೇನು?” ಎಂದರು.

ಆಗ ಮಾರ್ತಾಂಡರ ಬಾಯಲ್ಲಿ ಇಡೀ ಒಂದು ಬೇಸನ್ ಉಂಡಿ ಇತ್ತು. ಬಾಯಿ ತುಂಬಿದವನು ಹೌದೆನ್ನಲಾರ, ಅಲ್ಲವೆನ್ನಲಾರ. ಸುಮ್ಮನೆ ನಕ್ಕರು. ಆಚಾರ್ಯರು ಆ ನಗುವನ್ನು ವಿನಯವೆಂದು ತಿಳಿದರು. ಅವರಿಗೆ ಓಡುವವರೆಂದರೆ ಬಹಳ ಗೌರವ. ಹಿಂದೊಮ್ಮೆ ಗುಡಿಯ ನೈವೇದ್ಯದ ತಟ್ಟೆಯನ್ನು ಕಳ್ಳನೊಬ್ಬ ಹೊತ್ತು ಓಡಿದಾಗ ಹಿಂದೆ ಓಡಲಾಗದೆ ಕಟ್ಟೆಯ ಮೇಲೆ ಕೂತು ಅತ್ತಿದ್ದರಂತೆ. “ಮನ್ಯಾಗ ಒಬ್ಬ ಓಡಾಂವ ಇರಬೇಕು” ಎಂದು ಅಂದೇ ತೀರ್ಮಾನಿಸಿ, ಮಗಳು ನರ್ಮದೆಯನ್ನು ಕೊಟ್ಟರು.

ಉಂಡಿ ಅಂದೇ ಕರಗಿತು. ಆದರೆ ನುಂಗಿದ ಮಾತು ಮಾಸ್ತರರ ಗಂಟಲಲ್ಲಿ ಹಾಗೇ ಉಳಿಯಿತು. ಈಗ ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಲಕ್ಷ್ಮೇಶ್ವರದಲ್ಲಿ ಅವರ ಹೆಸರೇ ‘ಪುಣೆಯ ಚಾಂಪಿಯನ್ ಅಳಿಯ’ ಎಂದಾಗಿತ್ತು. ನರ್ಮದೆಯಂತೂ ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಆ ಕಪ್ಪನ್ನು ತಿಕ್ಕುತ್ತಿದ್ದಳು. ಅವಳು ತಿಕ್ಕುವಾಗ ಮಾಸ್ತರರು ಬೇರೆ ಕೋಣೆಗೆ ಹೋಗುತ್ತಿದ್ದರು. ಖರೆ ಹೇಳಬೇಕೆಂದರೆ ಅವರು ಹುಟ್ಟಿದಾಗಿನಿಂದ ಓಡಿದ್ದು ಕಡಿಮೆ, ಆಟದ ಗಂಟೆಯಲ್ಲಿ ಸಹ ಕುರ್ಚಿ ತರಿಸಿಕೊಂಡು ಸೀಟಿ ಊದುವ ಜಾತಿ.

ಇಂಥ ಮಾಸ್ತರರ ತಲೆಯ ಮೇಲೆ ಒಲಿಂಪಿಕ್ ಬಂದು ಬಿತ್ತು.

ಅದು ಕರ್ನಾಟಕ ಒಂದಾದ ದಿನ. ಮುಂಬಯಿ ರಾಜ್ಯದಲ್ಲಿ ಮಲಗಿದ್ದ ಗದಗ-ಬೆಟಗೇರಿ ಮೈಸೂರು ರಾಜ್ಯದಲ್ಲಿ ಕಣ್ಣು ಬಿಟ್ಟಿತ್ತು. ಬೀದಿಗೆಲ್ಲ ತೋರಣ, ಬಾಗಿಲಿಗೆಲ್ಲ ರಂಗೋಲಿ, ಸಿಕ್ಕವರಿಗೆಲ್ಲ ಪೇಢೆ. ಪತ್ರಿಕೆಯಲ್ಲಿ ದಿನವೂ ಮೆಲ್ಬೋರ್ನ್ ಒಲಿಂಪಿಕ್ಕಿನ ಸುದ್ದಿ ಬರುತ್ತಿದ್ದ ಕಾಲ. ಅಲ್ಲಿ ಅವರು ಮಾಡುವ ಮೊದಲೇ ಇಲ್ಲಿ ನಾವು ಮಾಡಿಬಿಡೋಣ ಎಂದು ಊರವರು ‘ಏಕೀಕರಣ ಒಲಿಂಪಿಕ್’ ಎಂದು ಹೆಸರಿಟ್ಟು, ಹತ್ತಿಯ ಅಡತಿ ಅಂಗಡಿಯ ಈಶಪ್ಪನವರನ್ನು ಅಧ್ಯಕ್ಷರನ್ನಾಗಿ ಮಾಡಿ, ಒಂದು ಕಮಿಟಿ ಕಟ್ಟಿದ್ದರು. ಪತ್ರಿಕೆ ಓದುವವರೊಬ್ಬರು ಬೇಕಲ್ಲ ಎಂದು ಮಾರ್ತಾಂಡ ಮಾಸ್ತರರನ್ನೂ ಸೇರಿಸಿಕೊಂಡಿದ್ದರು.

ಕಮಿಟಿಯಲ್ಲಿ ಒಂದೇ ಜಗಳ. ಕುಸ್ತಿ ಇರಲಿ, ಗುಂಡು ಎತ್ತುವುದಿರಲಿ, ಹಗ್ಗ ಜಗ್ಗುವುದಿರಲಿ; ಓಟ ಇರಬೇಕೋ ಬೇಡವೋ? ಗರಡಿಯ ಉಸ್ತಾದ ಶೇಖಸಾಬ ಬೇಡವೆಂದರೆ ಬೇಡ ಎಂದು ತೊಡೆ ತಟ್ಟಿ ಕೂತಿದ್ದ. ಓಟ ಬೇಕೇಬೇಕು ಎಂದು ಗಂಟಲು ಹರಿದುಕೊಂಡವರು ನಮ್ಮ ಮಾಸ್ತರರೇ. “ಓಟ ಇಲ್ಲದ ಒಲಿಂಪಿಕ್ ಅಂದ್ರ ಉಪ್ಪಿಲ್ಲದ ಸಾರು” ಎಂದಿದ್ದರು. ಅಷ್ಟಕ್ಕೇ ನಿಲ್ಲಿಸದೆ ತಮ್ಮ ಓದು ತೋರಿಸಲು, “ಗುರಿ ಮುಟ್ಟೋ ಜಾಗಾದಾಗ ಅಡ್ಡ ಒಂದು ಎಳಿ ಕಟ್ಟತಾರ. ಯಾರು ಎದೀಲೆ ಆ ಎಳಿ ಹರೀತಾರೋ ಅವರ ಗೆದ್ದಂಗ. ಒಲಿಂಪಿಕ್ಕಿನ ಕಾಯ್ದೆ ಅದ” ಎಂದೂ ಹೇಳಿದ್ದರು. ಕಮಿಟಿ ಬಾಯಿ ತೆರೆದು ಕೇಳಿತ್ತು. ತೀರ್ಮಾನವನ್ನು ಮಾತ್ರ ಹಬ್ಬದ ದಿನ ಬೆಳಗಿನ ಸಭೆಗೆ ಮುಂದೂಡಿತ್ತು.

ಆ ಬೆಳಿಗ್ಗೆ ಮಾಸ್ತರರು ಬಚ್ಚಲಿನಿಂದ ಹೊರಬರುವ ಹೊತ್ತಿಗೆ ನಡುಮನೆಯಲ್ಲಿ ಮಾವನವರು ಕೂತಿದ್ದರು. ಮೊದಲನೆಯ ಮೋಟಾರು ಹಿಡಿದು ಬಂದಿದ್ದರು.

“ಬರ್ರಿ ಅಳಿಯಂದಿರ! ನಿಮ್ಮೂರಾಗ ಒಲಿಂಪಿಕ್ ಅಂತ. ನೀವು ಓಡೋದನ್ನ ಒಮ್ಮೆ ಕಣ್ಣಾರೆ ನೋಡಿ ಸಾಯಬೇಕಂತ ಬಂದೇನಿ!”

ಮಾಸ್ತರರ ಕೈಯಿಂದ ತಂಬಿಗೆ ಜಾರಿತು.

“ಮತ್ತ ಈಶಪ್ಪನವರ ಕಡೆ ಒಂದು ಗುಟ್ಟಿನ ಕೆಲಸಾನೂ ಅದ” ಎಂದು ಆಚಾರ್ಯರು ಕಣ್ಣು ಮಿಟುಕಿಸಿದರು. “ಅದು ಸಂಜೀಗೆ ತಿಳೀತದ ಬಿಡ್ರಿ.”

ನರ್ಮದೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಏನೋ ಹೊಳೆಯಿತು. ಹೆಮ್ಮೆ ಎಂದು ಮಾಸ್ತರರು ತಿಳಿದರು. ಊರು ನಕ್ಕರೆ ನಗಲಿ, ಮಾವನವರು ಬೈದರೆ ಬೈಯಲಿ; ಇಷ್ಟು ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೆಂಡತಿಯ ಮುಂದೆ ಸುಳ್ಳುಗಾರನಾಗಿ ನಿಲ್ಲುವುದು ಹೇಗೆ? ಉಳಿದ ದಾರಿ ಒಂದೇ. ಓಟವನ್ನೇ ಕಾರ್ಯಕ್ರಮದಿಂದ ತೆಗೆಸಿಬಿಡಬೇಕು. “ಸಭಾಕ್ಕ ಹೊತ್ತಾತು” ಎಂದವರೇ ಅಂಗಿಯ ಗುಂಡಿಯನ್ನು ದಾರಿಯಲ್ಲಿ ಹಾಕಿಕೊಳ್ಳುತ್ತ ಹೊರಟರು.

ಅವಸರದಲ್ಲಿ ನೇಕಾರರ ಓಣಿ ಹೊಕ್ಕರು. ಓಣಿಯುದ್ದಕ್ಕೂ ನೇಕಾರ ಕಲ್ಲಣ್ಣ ಸೀರೆಯ ಹಾಸು ಹಚ್ಚಿದ್ದ. ಸಾವಿರಾರು ಎಳೆಗಳನ್ನು ಈ ತುದಿಯಿಂದ ಆ ತುದಿಗೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿದ್ದುತ್ತಿದ್ದ. ಹಬ್ಬವಿರಲಿ ಹರಿದಿನವಿರಲಿ, ಗಂಜಿ ಹಚ್ಚಿದ ಹಾಸು ಕಾಯುವುದಿಲ್ಲ. ಮಾಸ್ತರರು ಅದರ ಪಕ್ಕದಲ್ಲಿ ಅಡ್ಡಡ್ಡ ನುಸುಳಲು ಹೋದರು. ಪಟ್ ಎಂದಿತು.

“ನಿಲ್ರಿ ಮಾಸ್ತರ!” ಕಲ್ಲಣ್ಣ ಕೂಗಿದ. “ಎಳಿ ಹರದ್ರಿ.”

“ಒಂದ ಎಳಿ ಅಲ್ಲೇನೋ ಕಲ್ಲಣ್ಣಾ, ಸಾವಿರ ಅವ.”

“ಒಂದ ಹಲ್ಲು ಬಿದ್ರ ಬಾಯಿ ಬಾಯೇನ್ರಿ? ಕುಂಡ್ರಿ ಇಲ್ಲೆ. ಎಳಿ ಹರದಾಂವ ತನ್ನ ಕೈಲೆ ಗಂಟು ಹಾಕಿ ಏಳಬೇಕು. ನಮ್ಮ ಓಣಿ ರೀತಿ ಐತಿ ಇದು. ಗಂಟು ಬೀಳೂತನಕ ಏಳಂಗಿಲ್ಲ, ರಾಜಾ ಆದ್ರೂ ಅಷ್ಟ.”

ಮಾಸ್ತರರು ನೆಲದ ಮೇಲೆ ಕೂತರು. ಅವರ ಬೆರಳು ಸೀಮೆಸುಣ್ಣ ಹಿಡಿಯಲು ಹುಟ್ಟಿದ್ದವು. ಎಳೆಯ ಒಂದು ತುದಿ ಸಿಕ್ಕರೆ ಇನ್ನೊಂದು ಜಾರುವುದು, ಇನ್ನೊಂದು ಸಿಕ್ಕರೆ ಗಂಜಿಯಿಂದ ಬೆರಳೇ ಅಂಟಿಕೊಳ್ಳುವುದು. ಅಷ್ಟರಲ್ಲೇ ತಮ್ಮ ಕೆಲಸವನ್ನೂ ಸಾಧಿಸಿಕೊಳ್ಳೋಣವೆಂದು, “ಕಲ್ಲಣ್ಣಾ, ನೀನೂ ಕಮಿಟಿಯಾಂವ. ಈ ಓಟ ಬ್ಯಾಡ ಅಂದುಬಿಡೋಣಲ್ಲೋ” ಎಂದರು.

ಕಲ್ಲಣ್ಣನ ಕುಂಚ ನಿಂತಿತು. “ನಿನ್ನಿತನಕ ಬೇಕು ಬೇಕು ಅಂತಿದ್ರಿ! ನೋಡ್ರಿ ಮಾಸ್ತರ, ಗುಂಡು ಎತ್ತಾಕ ನಮ್ಮ ಹುಡುಗರಿಗೆ ತೋಳಿಲ್ಲ. ಕುಸ್ತಿಗೆ ಮೈಯಿಲ್ಲ. ಆದ್ರ ಮಗ್ಗದ ಕುಣ್ಯಾಗ ಕುಂತು ದಿನಾ ತುಳಿದು ತುಳಿದು ಕಾಲು ಒಂದು ಕಬ್ಬಿಣ ಆಗ್ಯಾವ. ನನ್ನ ಮಗ ಪ್ರಲ್ಹಾದ ಓಡಿದ್ನಂದ್ರ ಗಾಳಿ ಹಿಂದ ಬೀಳತೈತಿ. ಊರೆಲ್ಲಾ ಒಮ್ಮೆ ನಮ್ಮ ಓಣಿ ಕಡೆ ತಿರುಗಿ ನೋಡಲಿ ಅಂತ ಆಸೆ ಐತ್ರಿ. ಗೆಲ್ಲೋ ಜಾಗಾದಾಗ ಕಟ್ಟಾಕ ಕೆಂಪು ರೇಶ್ಮಿ ಎಳಿನೂ ತಗದಿಟ್ಟೇನಿ. ಭುವನೇಶ್ವರಿ ತಾಯಿಗೆ ಸೀರಿ ನೇದೇವಲ್ಲ, ಅದರ ದಡಿಗೆ ಹಾಕಿ ಉಳದದ್ದು.”

ಮಾಸ್ತರರು ಮತ್ತೆ ಎಳೆಯ ತುದಿ ಹುಡುಕಿದರು. ಕೊನೆಗೆ ಕಲ್ಲಣ್ಣನ ಹೆಂಡತಿ ರತ್ನವ್ವ ಹೊರಗೆ ಬಂದು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. “ನರ್ಮದಕ್ಕ ನಮ್ಮ ಮನಿಗೆ ಬಂದು ನೂಲಿನ ಕಂಡಿಕಿ ಸುತ್ತಿ, ಕಣ್ಣು ಮುಚ್ಚಿ ಗಂಟು ಹಾಕೋದು ಕಲತಾಳ. ನೀವು ಹಿಂಗ!” ಎಂದಳು. ಅಂತೂ ಬಟಾಣಿಯಷ್ಟು ದಪ್ಪದ ಒಂದು ಗಂಟು ಬಿತ್ತು. ಕಲ್ಲಣ್ಣ ಅದನ್ನು ನೋಡಿ ನಿಟ್ಟುಸಿರು ಬಿಟ್ಟು, ಕೈಕಾಲು ತೊಳೆದು, ಮಾಸ್ತರರ ಜೊತೆಗೇ ಸಭೆಗೆ ಹೊರಟ.

ಸಭೆ ಈಶಪ್ಪನವರ ಅಡತಿಯಲ್ಲಿ, ಹತ್ತಿಯ ಅಂಡಿಗೆಗಳ ಮೇಲೆ ನಡೆದಿತ್ತು. ಈಶಪ್ಪನವರ ಪಕ್ಕದಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಸಾಮಾನೊಂದು ನಿಂತಿತ್ತು. ಯಾರಾದರೂ ಅದರ ಕಡೆ ನೋಡಿದರೆ ಅವರು, “ಅದು ಸಂಜೀಕ” ಎನ್ನುತ್ತಿದ್ದರು.

ಮಾಸ್ತರರು ನಿಂತೇ ಮಾತು ಸುರು ಮಾಡಿದರು. “ಅಧ್ಯಕ್ಷರ, ನಾನು ರಾತ್ರಿಯೆಲ್ಲಾ ವಿಚಾರ ಮಾಡಿದೆ. ಓಟ ನಮ್ಮ ಒಲಿಂಪಿಕ್ಕಿಗೆ ಬ್ಯಾಡ. ತಗದು ಹಾಕ್ರಿ.”

ಶೇಖಸಾಬ ಎದ್ದು ಬಂದು ಮಾಸ್ತರರನ್ನು ತಬ್ಬಿಕೊಂಡ. ಎಲುಬು ಲಟಕ್ಕೆಂದವು. “ಶಾಬಾಸ್ ಮಾಸ್ತರ! ಈಗ ಖರೆ ಮಾತಾಡಿದ್ರಿ. ಗಂಡಸಾದಾಂವ ನಿಂತು ಹೊಡದಾಡಬೇಕ್ರಿ. ಓಡೋದು ಕಳ್ಳರ ವಿದ್ಯಾ! ಓಡಿದವಗ ನಾವು ಹಾರ ಹಾಕಿದ್ರ ಪೊಲೀಸರು ಏನು ಹಾಕಬೇಕು?”

ಎಲ್ಲರೂ ನಕ್ಕರು. ಕಲ್ಲಣ್ಣ ಒಬ್ಬನೇ ಎದ್ದು, “ಹಂಗಾದ್ರ ನಮ್ಮ ಹುಡುಗರು ಮನ್ಯಾಗ ಕುಂಡರಬೇಕೇನ್ರಿ?” ಎಂದ. ಮಾಸ್ತರರಿಗೆ ಪಾಪವೆನಿಸಿತು, ಆದರೆ ಗೂಡಿನ ಕಪ್ಪು ನೆನಪಾಗಿ ಗಟ್ಟಿ ಮನಸ್ಸು ಮಾಡಿದರು. ಈಶಪ್ಪನವರು ಗಂಟಲು ಸರಿಮಾಡಿಕೊಂಡು, “ಹಂಗಾದ್ರ ಓಟ ತಗದಂಗ…” ಎನ್ನುತ್ತಿದ್ದರು. ಮಾಸ್ತರರ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಶಲ್ಯ ಹೊದ್ದ ಆಕೃತಿಯೊಂದು ಕಾಣಿಸಿತು.

“ತಡೀರಿ!” ನರಸಿಂಹಾಚಾರ್ಯರು! “ಓಟ ತಗೀತೀರೇನು? ಯಾರು ಕಳ್ಳರ ವಿದ್ಯಾ ಅಂದವರು? ಕಳ್ಳ ಓಡತಾನಂದ್ರ ಹಿಡಿಯಾಂವನೂ ಓಡಬೇಕಲ್ಲ! ನಿಂತು ಹೊಡದಾಡ್ತೀನಿ ಅಂದ್ರ ಕಳ್ಳ ನಿಮಗಾಗಿ ನಿಲ್ಲತಾನೇನು?”

ಶೇಖಸಾಬ ತೊಡೆ ತಟ್ಟಲು ಎತ್ತಿದ ಕೈ ಇಳಿಸಿದ. ಹೌದಲ್ಲ ಎಂಬಂತೆ ಕೂತುಬಿಟ್ಟ.

“ಅದೂ ಪುಣೆದಾಗ ಬೆಳ್ಳಿ ಕಪ್ಪು ಗೆದ್ದ ಚಾಂಪಿಯನ್ನರನ್ನ ಕಮಿಟ್ಯಾಗ ಇಟಗೊಂಡು!” ಎಂದು ಆಚಾರ್ಯರು ಅಳಿಯನ ಬೆನ್ನು ತಟ್ಟಿದರು.

ಅಂಡಿಗೆಗಳ ಮೇಲೆ ಕೂತವರೆಲ್ಲ ಮಾಸ್ತರರ ಕಡೆ ತಿರುಗಿದರು.

“ಮಾಸ್ತರ ಚಾಂಪಿಯನ್?” ಎಂದರು ಈಶಪ್ಪನವರು. “ಮತ್ತ ಒಮ್ಮೆನೂ ಹೇಳಲಿಲ್ಲ? ಅದಿರಲಿ, ಚಾಂಪಿಯನ್ ಇದ್ದು ಓಟ ಬ್ಯಾಡ ಅಂತೀರಿ, ಯಾಕ್ರಿ?”

ಮಾಸ್ತರರು ಬಾಯಿ ತೆರೆದರು. ಈ ಸಲ ಉಂಡಿ ಇರಲಿಲ್ಲ. ಆದರೂ ಮಾತು ಬರಲಿಲ್ಲ. ಅವರ ಬದಲು ಕಲ್ಲಣ್ಣನೇ ಗದ್ಗದನಾಗಿ ಹೇಳಿದ: “ನನಗ ತಿಳೀತ್ರಿ! ತಾವು ಓಡಿದ್ರ ತಾವ ಗೆಲ್ಲೋದು, ಬಡವರ ಹುಡುಗರ ಮನಸು ಮುರೀತೈತಿ ಅಂತ, ಓಟಾನ ಬ್ಯಾಡ ಅಂದ್ರು! ಎಂಥಾ ದೊಡ್ಡ ಮನಸು!”

“ಹೌದ್ಹೌದು!” ಎಂದು ಇಡೀ ಕಮಿಟಿ ಎದ್ದು ನಿಂತಿತು. ಶೇಖಸಾಬನ ಕಣ್ಣಲ್ಲೇ ನೀರು. “ಇಂಥಾ ಮಾಸ್ತರ ಓಡ್ತಾರಂದ್ರ ನನ್ನದೂ ಹೂಂ. ನಾನ ಅಂಪೈರ್ ಆಗ್ತೀನಿ” ಎಂದು ಘೋಷಿಸಿದ. ಓಟ ಒಬ್ಬರ ತಕರಾರೂ ಇಲ್ಲದೆ ಉಳಿಯಿತು. ಓಡುವವರಲ್ಲಿ ಮೊದಲ ಹೆಸರು ಮಾರ್ತಾಂಡ ಮಾಸ್ತರರದು. ಸಂಜೆ ಗದಗದ ಸ್ಟೇಶನ್ನಿನಿಂದ ಹೊರಟು ಬೆಟಗೇರಿಯ ಬಯಲಿನಲ್ಲಿ ಕಟ್ಟಿದ ಎಳೆಯ ತನಕ ಓಟ.

ಮಾಸ್ತರರು ಮನೆಗೆ ಬಂದವರೇ ಸೊಂಟ ಹಿಡಿದುಕೊಂಡು ಹಾಸಿಗೆಯ ಮೇಲೆ ಬಿದ್ದರು. “ಅಯ್ಯೋ, ಸೊಂಟ ಹಿಡೀತು! ಅಳ್ಳಾಡಲಿಕ್ಕೂ ಆಗವಲ್ಲದು! ನರ್ಮದಾ, ನಾನು ಓಡೋದು ಆಗೋದಿಲ್ಲಂತ ಹೇಳಿ ಕಳಸು.”

ನರ್ಮದೆ ಗಂಡನನ್ನು ಒಂದು ಗಳಿಗೆ ನೋಡಿದಳು. ಹೇಳಿ ಕಳಿಸಿದಳು, ಆದರೆ ಕಮಿಟಿಗಲ್ಲ, ಎದುರುಮನೆಯ ಅಂಬವ್ವನಿಗೆ.

ಅಂಬವ್ವ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಊರಿಗೇ ಗೊತ್ತಿದ್ದ ಮಾತು. ಆ ಓಣಿಯಲ್ಲಿ ಅವಳಿಂದ ಒದೆಸಿಕೊಳ್ಳದ ದೊಡ್ಡ ಮನುಷ್ಯ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡೇ ಬಂದಳು.

“ಯಪ್ಪಾ, ಬೋರಲ ಮಲಕೋರಿ. ಚಾಂಪಿಯನ್ ಸೊಂಟಾ ಅಂದ ಮ್ಯಾಲೆ ಸ್ವಲ್ಪ ಜೋರ ಒದೀಬೇಕು.”

ಮೊದಲನೆಯ ಒದೆಗೆ ಮಾಸ್ತರರಿಗೆ ತಾಯಿಯ ನೆನಪಾಯಿತು.

“ಹೆಂಗೈತ್ರಿ? ಬಿಟ್ಟಿಲ್ಲಾ? ಇನ್ನೊಂದು ಹಾಕತೇನಿ ತಡೀರಿ.”

ಎರಡನೆಯದಕ್ಕೆ ತಂದೆಯ ನೆನಪಾಯಿತು. ಅಂಬವ್ವ ಮೂರನೆಯದಕ್ಕೆ ಕಾಲೆತ್ತುವಷ್ಟರಲ್ಲಿ ಮಾಸ್ತರರು ಚಂಗನೆ ಎದ್ದು ಗೋಡೆಗೆ ಅಂಟಿ ನಿಂತರು. “ಬಿಟ್ಟತು! ಪೂರಾ ಬಿಟ್ಟತು!”

“ನೋಡ್ರಿ, ಹೆಂಗ ಜಿಗದ್ರು! ಚಾಂಪಿಯನ್ ಅಂದ್ರ ಚಾಂಪಿಯನ್” ಎಂದು ಅಂಬವ್ವ ಬೀದಿಗೆಲ್ಲ ಸಾರುತ್ತ ಹೋದಳು. ಆಚಾರ್ಯರು ಪಕ್ಕದಲ್ಲೇ ನಿಂತು ಸಂತೋಷದಿಂದ ಕೈ ಉಜ್ಜಿಕೊಂಡರು. ನರ್ಮದೆ ಒಳಗೆ ಹೋಗಿ ಏನೋ ಕೆಮ್ಮಿದ ಹಾಗೆ ಕೇಳಿಸಿತು.

ಇಲ್ಲದ ನೋವಿಗೆ ಮದ್ದು ಮಾಡಿಸಿಕೊಂಡು ಇದ್ದ ನೋವು ತಂದುಕೊಂಡ ಮಾಸ್ತರರು ಸಂಜೆ ಸ್ಟೇಶನ್ನಿನ ಮುಂದೆ ನಿಂತಾಗ ಇನ್ನೊಂದು ಸುದ್ದಿ ಕಾದಿತ್ತು. ಪುಣೆಯ ಚಾಂಪಿಯನ್ ಓಡುತ್ತಾರೆಂಬ ಖಬರ ಹಬ್ಬಿದ್ದೇ ತಡ, ಗರಡಿಯ ಹುಡುಗರೆಲ್ಲ ಹೆಸರು ಹಿಂದೆಗೆದುಕೊಂಡಿದ್ದರು. ಬಿಂಕದಕಟ್ಟಿಯಿಂದ ಬಂದ ರೈತರ ಹುಡುಗರೂ, “ಮಾಸ್ತರ ಮುಂದ ಓಡಿ ಯಾಕ ಮಾನ ಕಳಕೊಳ್ಳೋಣ” ಎಂದು ಹಗ್ಗ ಜಗ್ಗಲು ಹೋಗಿದ್ದರು. ಗೆರೆಯ ಮೇಲೆ ಉಳಿದವರು ಬೆಟಗೇರಿಯ ನೇಕಾರ ಹುಡುಗರು ಮಾತ್ರ. ಅವರ ನಡುವೆ ಪ್ರಲ್ಹಾದ. ಬಿಗಿದ ಬಿಲ್ಲಿನಂಥ ಹುಡುಗ. ಅವನು ಬಂದು ಮಾಸ್ತರರ ಕಾಲು ಮುಟ್ಟಿ, “ಆಶೀರ್ವಾದ ಮಾಡ್ರಿ ಸರ” ಎಂದ. ಬಗ್ಗಿ ಎತ್ತಲು ಮಾಸ್ತರರ ಸೊಂಟ ಒಪ್ಪಲಿಲ್ಲ. ನಿಂತಲ್ಲಿಂದಲೇ, “ನೀನ ಗೆಲ್ಲಪಾ. ದೇವರಾಣೆ ನೀನ ಗೆಲ್ಲು” ಎಂದರು. ಇಡೀ ದಿನದಲ್ಲಿ ಅವರು ಮನಸ್ಸಿನಿಂದ ಆಡಿದ ಮಾತು ಅದೊಂದೇ.

ಅವರ ಲೆಕ್ಕ ಇಷ್ಟೇ. ಹಿಂದೆ ಬಿದ್ದು, ನಡುದಾರಿಯಲ್ಲಿ ಯಾವುದಾದರೂ ಸಂದಿಗೆ ಹೊಕ್ಕು, ಕಾಲು ಉಳುಕಿತೆಂದು ಕೂತುಬಿಡುವುದು.

ಸೀಟಿ ಕೇಳಿಸಿತು. ನೇಕಾರ ಹುಡುಗರು ಮಗ್ಗದ ಲಾಳಿಯ ಹಾಗೆ ಸರ್ರನೆ ಹೋದರು. ಮಾಸ್ತರರು ಹೊರಟರು ಎನ್ನಬಹುದು. ಬ್ಯಾಂಡಿನವರು ಬಾರಿಸಿದರು, ಹೆಂಗಸರು ಮಾಳಿಗೆಯಿಂದ ಚುರಮುರಿ ಎಸೆದರು, ಎರಡೂ ಕಡೆ ಜನವೋ ಜನ. ಸಂದಿಗೆ ಹೊಗೋಣವೆಂದರೆ ಸಂದಿಯೇ ಕಾಣಲೊಲ್ಲದು, ಎಲ್ಲೆಲ್ಲೂ ಮನುಷ್ಯರೇ. ಕಾಲು ಕುಂಟಿಸಲು ನೋಡಿದರೆ, ಮೋಟಾರು ಬಾಡಿಗೆ ಹಿಡಿದು ಪಕ್ಕದಲ್ಲೇ ಬರುತ್ತಿದ್ದ ಮಾವನವರು, “ಹಾಂ ಅಳಿಯಂದಿರ, ಹಾಂ!” ಎಂದು ಶಲ್ಯ ಬೀಸುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ನರ್ಮದೆ. ಮಾಸ್ತರರು ಮತ್ತೆ ಓಡಿದರು.

“ಎಲ್ಲರಕಿಂತ ಹಿಂದ ಅದಾರಲ್ಲೋ!” ಎಂದನೊಬ್ಬ.

“ನಿನಗೇನು ತಿಳೀತೈತಿ ಲೇ? ಚಾಂಪಿಯನ್ ಮಂದಿ ಹಂಗ. ಮೊದಲು ಬಿಟ್ಟುಕೊಡತಾರ, ಕಡೀಕ ಹೊಡೀತಾರ!”

ಬೆಟಗೇರಿಯ ಬಯಲಿಗೆ ಇಳಿಯುವಲ್ಲಿ ದಾರಿ ಇಳಿಜಾರು. ಅಲ್ಲಿ ಮಾಸ್ತರರ ಹೊಟ್ಟೆ ಮುಂದಾಯಿತು, ಕಾಲು ಅದರ ಹಿಂದೆ ಹೊರಟಿತು. ನಿಲ್ಲಬೇಕೆಂದರೂ ನಿಲ್ಲುವ ಅಧಿಕಾರ ಈಗ ಅವರ ಕೈಯಲ್ಲಿರಲಿಲ್ಲ. ಕಣ್ಣಿಗೆ ಬೆವರು ಇಳಿದು ಮುಂದಿನದೇನೂ ಕಾಣುತ್ತಿರಲಿಲ್ಲ. ಕಂಡಿದ್ದರೆ ಒಂದು ವಿಚಿತ್ರ ಕಾಣುತ್ತಿತ್ತು.

ಬಯಲಿನಲ್ಲಿ ವೇದಿಕೆ. ವೇದಿಕೆಯ ಮೇಲೆ ಹೊಸ ಸೀರೆ ಉಟ್ಟ ಭುವನೇಶ್ವರಿಯ ಮೂರ್ತಿ. ಅದರ ಮುಂದೆ, ಎರಡು ಗೂಟಗಳ ನಡುವೆ, ಸಂಜೆಬಿಸಿಲಿಗೆ ಝಗಝಗಿಸುವ ಕೆಂಪು ರೇಶ್ಮೆಯ ಎಳೆ. ಎಳೆಯ ಮುಂದೆ, ಮಾರು ದೂರದಲ್ಲಿ, ಓಡಿಬಂದ ಹುಡುಗರೆಲ್ಲ ಸಾಲಾಗಿ ನಿಂತಿದ್ದರು. ಯಾವಾಗಲೋ ಬಂದು ನಿಂತಿದ್ದರು. ಒಬ್ಬನೂ ಮುಂದೆ ಹೋಗಲೊಲ್ಲ.

“ಹರೀರಿ! ಎದೀಲೆ ಹರೀರಿ!” ಅಂಪೈರ್ ಶೇಖಸಾಬ ಕುಣಿದಾಡುತ್ತಿದ್ದ.

“ಹೆಂಗ ಹರೀಲ್ರಿ?” ಎಲ್ಲರಿಗಿಂತ ಮೊದಲು ಬಂದು ಮುಟ್ಟಿದ್ದ ಪ್ರಲ್ಹಾದ ಅಳುವ ದನಿಯಲ್ಲಿ ಹೇಳಿದ. “ತೊಟ್ಟಿಲದಾಗ ಇದ್ದಾಗಿಂದ ಎಳಿ ಹರೀಬ್ಯಾಡ, ಎಳಿ ಹರೀಬ್ಯಾಡ ಅಂತ ಅಪ್ಪ ಬೆನ್ನಿಗೆ ಬಡದಾನ. ಅದೂ ತಾಯಿ ಸೀರಿದು. ಕಾಲ ಮುಂದ ಬರವಲ್ದ್ರಿ!”

“ಹರೀಬ್ಯಾಡೋ ಮಗನ!” ಎಂದು ಕಲ್ಲಣ್ಣ ಕೂಗಿದ. ಮರುಗಳಿಗೆಗೆ, “ಅಯ್ಯ, ಹರೀಬೇಕಲ್ಲೋ!” ಎಂದ. ಆಮೇಲೆ ತಲೆ ಹಿಡಿದುಕೊಂಡು ಕೂತ. ಎಳೆ ಕಟ್ಟುವಾಗ ಅವನಿಗೆ ಮಗ ಗೆಲ್ಲುವುದಷ್ಟೇ ಹೊಳೆದಿತ್ತು, ಹರಿಯುವುದು ಹೊಳೆದಿರಲಿಲ್ಲ.

“ಗೂಟದ ಕಡಿ ಗಂಟು ಬಿಚ್ಚಿ ದಾಟಿ ಮತ್ತ ಕಟ್ಟಿದ್ರ ನಡೀತೈತೇನ್ರಿ?” ಎಂದನೊಬ್ಬ ಹುಡುಗ.

“ಬಗ್ಗಿ ತೆಳಗ ಹಾದ ಹೋಗ್ಲೇನ್ರಿ?” ಎಂದ ಇನ್ನೊಬ್ಬ.

“ನಡಿಯಂಗಿಲ್ಲ!” ಎಂದ ಶೇಖಸಾಬ. “ಎಳಿ ಎದೀಲೆ ಹರದಾಂವನ ಗೆದ್ದಾಂವ. ಒಲಿಂಪಿಕ್ಕಿನ ಕಾಯ್ದೆ. ಮಾಸ್ತರ ಸ್ವತಾ ಹೇಳ್ಯಾರ.”

ಆಗ ಹಿಂದಿನಿಂದ ಒಂದು ಸಪ್ಪಳ ಕೇಳಿಸಿತು. ಹುಡುಗರು ತಿರುಗಿ ನೋಡಿದರು, ದಾರಿ ಬಿಟ್ಟರು. ಬಿಡದೆ ಗತಿಯಿರಲಿಲ್ಲ. ಇಳಿಜಾರಿನ ಹುಮ್ಮಸ್ಸಿನಲ್ಲಿ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, “ಹಿಡೀರಿ! ಯಾರರೇ ಹಿಡೀರಿ!” ಎನ್ನುತ್ತ ಮಾರ್ತಾಂಡ ಮಾಸ್ತರರು ಬಂದರು.

ಪಟ್.

ಬಯಲಿಗೆ ಬಯಲೇ ಎದ್ದು ಕುಣಿಯಿತು. ಟೊಪ್ಪಿಗೆಗಳು ಹಾರಿದವು, ಹಲಿಗೆಗಳು ಮೊಳಗಿದವು, ಬ್ಯಾಂಡಿನವರು ಯಾವ ಹಾಡೆಂದು ನೋಡದೆ ಬಾರಿಸಿದರು. ವೇದಿಕೆಗೆ ಡಿಕ್ಕಿ ಹೊಡೆದು ನಿಂತ ಮಾಸ್ತರರನ್ನು ಶೇಖಸಾಬ ಮಗುವಿನಂತೆ ಎತ್ತಿ ಹಿಡಿದ. “ಕಡೀಕ ಹೊಡದ್ರು! ನಾ ಹೇಳಲಿಲ್ಲಾ?” ಎಂದು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಚಾರ್ಯರು ಮೋಟಾರಿನ ಸೀಟಿನ ಮೇಲೆ ನಿಂತು ಅಳುತ್ತಿದ್ದರು. ಏನಾಯಿತೆಂದು ಮಾಸ್ತರರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರ ಹಿಗ್ಗಿಗೆ ಮೇರೆಯೇ ಇಲ್ಲ. ಗೆದ್ದರು! ಸುಳ್ಳು ಖರೆಯಾಯಿತು! ಇನ್ನು ಆ ಕಪ್ಪಿನ ಕಡೆ ಅಂಜದೆ ನೋಡಬಹುದು!

ಈಶಪ್ಪನವರು ಮಾತಿಗೆ ಎದ್ದರು. “ಮಹಾಜನರ, ಮೊದಲನೇದ್ದು. ಇಂದಿನ ಗೊಂದಲ ನೋಡಿ ಕಮಿಟಿ ಒಮ್ಮತದಿಂದ ಠರಾವು ಮಾಡೇತಿ. ಕಲ್ಲಣ್ಣನೂ ಒಪ್ಪ್ಯಾನ. ಎಳಿ ಹರಿಯೋ ಆಟ ನಮ್ಮೂರಿಗೆ ಕೂಡೋದಿಲ್ಲ. ಬರೋ ವರ್ಷದಿಂದ ಓಟ ತಗದು ಹಾಕೇವಿ!”

ಚಪ್ಪಾಳೆ. ಬೆಳಗಿನಿಂದ ಇದೊಂದು ಮಾತಿಗಾಗಿ ಒದೆ ತಿಂದಿದ್ದ ಮಾಸ್ತರರು ಬಾಯಿ ಬಿಟ್ಟು ನೋಡಿದರು. ಇರಲಿ, ಈಗೇನಂತೆ, ಗೆದ್ದಾಗಿದೆಯಲ್ಲ ಎಂದು ಅವರೂ ಚಪ್ಪಾಳೆ ತಟ್ಟಿದರು.

“ಎರಡನೇದ್ದು!” ಈಶಪ್ಪನವರು ಬಟ್ಟೆ ಸುತ್ತಿದ ಉದ್ದನೆಯ ಸಾಮಾನನ್ನು ಎತ್ತಿ ಬಟ್ಟೆ ಬಿಚ್ಚಿದರು. ಹಿತ್ತಾಳೆಯ ದೊಡ್ಡ ಪಂಜು; ಅದನ್ನು ಹೊತ್ತಿಸಿ ಹಿಡಿದರು. “ಇದು ಏಕೀಕರಣದ ಜ್ಯೋತಿ! ಓಟದಾಗ ಗೆದ್ದ ವೀರ ಈಗಿಂದೀಗ ಇದನ್ನ ಹಿಡಕೊಂಡು ಓಡಿಕೋತ ಲಕ್ಷ್ಮೇಶ್ವರಕ್ಕ ಒಯ್ಯಬೇಕು. ಅಲ್ಲಿಂದ ಶಿರಹಟ್ಟಿ. ಶಿರಹಟ್ಟಿಯಿಂದ ಮುಂಡರಗಿ. ಮುಂಡರಗಿಯಿಂದ ಡೋಣಿ ಊರಿನ ಮ್ಯಾಲೆ ಹಾದು ಮತ್ತ ಗದಗ! ಊರೂರಾಗ ಮಂದಿ ಕಾಯಾಕತ್ತಾರ!”

“ಇದನ್ನ ಗೊತ್ತು ಮಾಡಲಿಕ್ಕೇ ಲಕ್ಷ್ಮೇಶ್ವರದವರು ನನ್ನ ಕಳಿಸಿದ್ದು!” ಎಂದು ಆಚಾರ್ಯರು ಹಿಗ್ಗಿ ಹೀರೇಕಾಯಿಯಾದರು. “ಅಡರಕಟ್ಟಿಯವರು ಆಗಲೇ ಹಲಿಗಿ ಹಿಡಕೊಂಡು ದಾರ್‍ಯಾಗ ನಿಂತಾರ. ಗೆಲ್ಲಾವರು ನೀವ ಅಂತ ನನಗ ಗೊತ್ತಿತ್ತು ಅಳಿಯಂದಿರ! ನಾ ಮೋಟಾರದಾಗ ಹಿಂದ ಬರತೇನಿ, ನೀವು ಅಂಜಬ್ಯಾಡ್ರಿ.”

ಮಾಸ್ತರರು ಪಂಜು ನೋಡಿದರು, ಲಕ್ಷ್ಮೇಶ್ವರದ ದಾರಿ ನೋಡಿದರು. ಕುಸಿದು ಕೂತರು. ಕೂತಲ್ಲಿ ಕೈಗೆ ಏನೋ ಮೆತ್ತಗೆ ತಾಕಿತು. ನೋಡಿದರೆ ಹರಿದ ಕೆಂಪು ಎಳೆ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ, ಮಾಸ್ತರರಿಗೆ ಎಳೆ!

“ಕಲ್ಲಣ್ಣಾ!” ಎಂದು ಕೂಗಿದರು. “ಎಳಿ ಹರದಾಂವ ತನ್ನ ಕೈಲೆ ಗಂಟು ಹಾಕಬೇಕು ಅಲ್ಲೇನೋ? ಗಂಟು ಬೀಳೂತನಕ ಏಳಂಗಿಲ್ಲ, ಹೌದಲ್ಲೋ?”

“ಹೌದ್ರಿ” ಎಂದ ಕಲ್ಲಣ್ಣ ಕಣ್ಣೊರೆಸಿಕೊಂಡು. “ಇಷ್ಟು ದೊಡ್ಡ ಗಳಿಗ್ಯಾಗೂ ನಮ್ಮ ಓಣಿ ರೀತಿ ನೆನಪಿಟ್ಟೀರಿ. ನೀವು ದೇವರಂಥವರು.”

ಜನವೆಲ್ಲ ಭಕ್ತಿಯಿಂದ ಸುತ್ತ ನಿಂತರು. ಮಾಸ್ತರರು ಎಳೆಯ ತುದಿ ಹಿಡಿದರು, ಜಾರಿಸಿದರು. ಮತ್ತೆ ಹಿಡಿದರು, ಮತ್ತೆ ಜಾರಿಸಿದರು. ಈ ಸಲ ಬೇಕೆಂದೇ ಜಾರಿಸಿದರು. ಹೀಗೇ ಕೂತರೆ ಕತ್ತಲಾಗುತ್ತದೆ, ಪಂಜಿನ ಎಣ್ಣೆ ಮುಗಿಯುತ್ತದೆ, ಜನಕ್ಕೆ ಹಸಿವಾಗುತ್ತದೆ. ದೇವರು ದೊಡ್ಡವನು.

ಅಷ್ಟರಲ್ಲಿ ಬಳೆಯ ಸಪ್ಪಳವಾಯಿತು. ನರ್ಮದೆ ಪಕ್ಕದಲ್ಲಿ ಬಂದು ಕೂತಳು. “ಹೆಂಡತಿ ಕೈ ಅಂದ್ರ ಗಂಡನ ಕೈನೇ ಅಲ್ಲೇನ್ರಿ ಕಲ್ಲಣ್ಣಾ?” ಎಂದಳು.

“ಅರ್ಧಾಂಗಿ ಅಂದ ಮ್ಯಾಲೆ ಹೌದಲ್ರೀ ಯವ್ವಾ” ಎಂದ ಕಲ್ಲಣ್ಣ.

ಗಂಡನ ಕೈಯಿಂದ ಎರಡೂ ತುದಿ ತೆಗೆದುಕೊಂಡು, ಹೆಬ್ಬೆರಳಿನಲ್ಲಿ ಹೊಸೆದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಂಟು ಹಾಕಿದಳು. ಎಳೆ ಮೊದಲಿನಂತಾಯಿತು, ಗಂಟು ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ಗಂಡನಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಲಗ್ನ ಆಗಿ ನನ್ನ ಕರಕೊಂಡು ಬರೋ ದಿನ ಮೋಟಾರು ತಪ್ಪಿಸಿಕೊಂಡು ಅದರ ಹಿಂದ ಓಡಲಾರದ ಓಡಿದ್ರಲ್ಲಾ, ಅವತ್ತ ತಿಳದಿತ್ತು ನನಗ, ನಿಮ್ಮ ಕಪ್ಪಿನ ಖರೆ. ನೀವ ಹೇಳತೀರಂತ ದಾರಿ ನೋಡಿದೆ. ವಾರಾ ವಾರಾ ನಿಮ್ಮ ಎದುರಿಗೇ ತಿಕ್ಕಲಿಕ್ಕೆ ಕೂತೆ, ನೀವು ಎದ್ದು ಹೋದ್ರಿ. ಹೇಳಲಿಲ್ಲ.”

ಮಾಸ್ತರರು ತಲೆ ತಗ್ಗಿಸಿ ಎಳೆಯಲ್ಲಿ ಗಂಟು ಹುಡುಕತೊಡಗಿದರು.

“ಇವತ್ತಿನ ತನಕ ನೀವು ಚಾಂಪಿಯನ್ ಇದ್ದಿಲ್ಲ. ಈಗ ಹಂಗನ್ನಲಿಕ್ಕೂ ಬರೂದಿಲ್ಲ. ಇಡೀ ಊರ ಮುಂದ ಗೆದ್ದೀರಿ. ಇನ್ನ ಏಳ್ರಿ” ಎಂದು ನರ್ಮದೆ ಉರಿಯುವ ಪಂಜನ್ನು ಅವರ ಕೈಯಲ್ಲಿಟ್ಟಳು. “ಅಪ್ಪಾ ಮೋಟಾರು ಚಾಲೂ ಮಾಡಿಸ್ಯಾರ. ಮತ್ತ ನೋಡ್ರಿ, ಸೊಂಟ ಹಿಡಿದೀತಂತ ಅಂಬವ್ವನ್ನೂ ಅದರಾಗ ಕೂಡಿಸೇನಿ.”